ಕನ್ನಡ ಬಲ್ಲ ನಾಲಿಗೆಗೆ ಇಂಗ್ಲಿಷ್ ಉಚ್ಚಾರಣೆ: ತರಗತಿಯಲ್ಲಿ ಮಾಡಿಸಬಹುದಾದ ಅಭ್ಯಾಸಗಳು

ಕನ್ನಡ ಮಾಧ್ಯಮದ ಶಾಲೆಗಳ ವೇಳಾಪಟ್ಟಿಯಲ್ಲಿ ಇಂಗ್ಲಿಷ್ ಉಚ್ಚಾರಣೆಗೆಂದು ಪ್ರತ್ಯೇಕ ಅವಧಿ ಸಾಮಾನ್ಯವಾಗಿ ಇರುವುದಿಲ್ಲ. ಗದ್ಯ, ಪದ್ಯ, ವ್ಯಾಕರಣ, ಪ್ರಶ್ನೋತ್ತರಗಳನ್ನು ಮುಗಿಸುವಷ್ಟರಲ್ಲಿ ಗಂಟೆ ಬಾರಿಸಿರುತ್ತದೆ. ಮಗು ಗಟ್ಟಿಯಾಗಿ ಓದುವಾಗ ಶಿಕ್ಷಕರು ನಡುವೆ ತಡೆದು ಸರಿಯಾದ ರೂಪವನ್ನು ಹೇಳಿಕೊಡುವುದಕ್ಕೇ ಉಚ್ಚಾರಣೆಯ ಪಾಠ ನಿಂತುಬಿಡುತ್ತದೆ. ಹಾಗೆ ತಿದ್ದಿದ್ದು ಮರುದಿನಕ್ಕೆ ಉಳಿಯುವುದು ಅಪರೂಪ, ಏಕೆಂದರೆ ತಾನು ಹೇಳಿದ್ದಕ್ಕೂ ಶಿಕ್ಷಕರು ಹೇಳಿದ್ದಕ್ಕೂ ಇರುವ ವ್ಯತ್ಯಾಸ ಮಗುವಿನ ಕಿವಿಗೆ ಬಿದ್ದೇ ಇರುವುದಿಲ್ಲ. ಇಲ್ಲಿ ವಿವರಿಸಿರುವ ಅಭ್ಯಾಸಗಳನ್ನು ಐದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ, ನಲವತ್ತು ಮಕ್ಕಳು ಕುಳಿತಿರುವ ಕೊಠಡಿಯಲ್ಲಿಯೂ, ಕಪ್ಪುಹಲಗೆ ಮತ್ತು ಒಂದು ಮೊಬೈಲ್ ಫೋನ್ ಬಿಟ್ಟರೆ ಬೇರಾವ ಸಲಕರಣೆಯೂ ಇಲ್ಲದೆ, ದಿನಕ್ಕೆ ಹತ್ತು ನಿಮಿಷದೊಳಗೆ ಮಾಡಿಸಬಹುದು.

ಏನನ್ನು ಬಿಡಬೇಕು, ಏನನ್ನು ಹಿಡಿಯಬೇಕು

ಇಂಗ್ಲೆಂಡಿನಲ್ಲಿ ಅಚ್ಚಾಗಿ ಬರುವ ಉಚ್ಚಾರಣೆಯ ಪುಸ್ತಕಗಳಲ್ಲಿ 'ಶಿಪ್–ಶೀಪ್' ಜೋಡಿಗೆ ಸಾಮಾನ್ಯವಾಗಿ ಅಗ್ರಸ್ಥಾನ. ಆ ಅಭ್ಯಾಸ ಹುಟ್ಟಿದ್ದು ಸ್ಪ್ಯಾನಿಷ್‌ನಂತಹ, ಹ್ರಸ್ವ-ದೀರ್ಘಗಳ ಭೇದವಿಲ್ಲದ ಭಾಷೆಗಳನ್ನು ಆಡುವವರಿಗಾಗಿ. 'ಬಿಡು–ಬೀಡು', 'ಕುಡಿ–ಕೂಡಿ' ಎಂಬ ಪದಗಳನ್ನು ಹುಟ್ಟಿನಿಂದ ಬೇರೆಬೇರೆಯಾಗಿ ಕೇಳಿ ಬೆಳೆದ ಮಗುವಿಗೆ ಅದರಲ್ಲಿ ಕಲಿಯುವುದು ಏನೂ ಇಲ್ಲ. ಇಂಗ್ಲಿಷಿನ ಆ ಎರಡು ಸ್ವರಗಳ ನಡುವೆ ಉದ್ದದ ಜೊತೆಗೆ ಗುಣದ ವ್ಯತ್ಯಾಸವೂ ಇದೆ ಎಂಬುದು ನಿಜವೇ. ಆದರೆ ಕನ್ನಡದ ಇ, ಈ ಇಟ್ಟು ಹೇಳಿದರೂ ಕೇಳುವವರಿಗೆ ಹಡಗು ಯಾವುದು, ಕುರಿ ಯಾವುದು ಎಂಬುದರಲ್ಲಿ ಗೊಂದಲವಾಗುವುದಿಲ್ಲ. ಆದ್ದರಿಂದ ಪುಸ್ತಕದ ಮೊದಲ ಪುಟದಲ್ಲಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ತರಗತಿಗೆ ತರಬೇಕಾಗಿಲ್ಲ.

'ಥಿನ್', 'ದಿಸ್' ಮೊದಲಾದ ಪದಗಳ ಆರಂಭದ ಧ್ವನಿಯ ವಿಷಯವೂ ಇಂತಹದ್ದೇ. ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ಗಾಳಿ ಬಿಡುವುದನ್ನು ಕಲಿಸಲು ಶಿಕ್ಷಕರು ಹಲವು ದಿನ ವ್ಯಯಿಸುವುದುಂಟು. ಕನ್ನಡದ ಮಗು 'ಥಿನ್' ಪದವನ್ನು ಹಲ್ಲಿನ ಥಕಾರದಿಂದಲೂ 'ಟಿನ್' ಪದವನ್ನು ಟಕಾರದಿಂದಲೂ ಹೇಳುವುದರಿಂದ ಎರಡೂ ಸ್ಪಷ್ಟವಾಗಿ ಬೇರೆಯಾಗಿಯೇ ಕೇಳಿಸುತ್ತವೆ. ಐರ್ಲೆಂಡಿನಲ್ಲಿ ಇಂಗ್ಲಿಷನ್ನೇ ಮನೆಮಾತಾಗಿ ಆಡುವ ಅನೇಕರು ಇದೇ ಬಗೆಯ ಹಲ್ಲಿನ ಧ್ವನಿಗಳನ್ನು ಬಳಸುತ್ತಾರೆ. ಬೇರೆಬೇರೆ ಭಾಷೆಗಳ ಜನ ಪರಸ್ಪರ ಇಂಗ್ಲಿಷಿನಲ್ಲಿ ಮಾತನಾಡುವಾಗ ಅರ್ಥವಾಗಲು ಅನಿವಾರ್ಯವಾದ ಅಂಶಗಳ ಪಟ್ಟಿಯೊಂದನ್ನು ಭಾಷಾವಿಜ್ಞಾನಿ ಜೆನಿಫರ್ ಜೆಂಕಿನ್ಸ್ 2000ರಲ್ಲಿ ಮುಂದಿಟ್ಟಾಗ, ಈ ಧ್ವನಿಗಳನ್ನು ಅದರಿಂದ ಹೊರಗೇ ಇಟ್ಟಿದ್ದರು.

ಹಾಗಾದರೆ ಅರ್ಥ ಕೆಡುವುದು ಎಲ್ಲಿ? ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಿಂದ 1969ರಲ್ಲಿ ಪ್ರಕಟವಾದ ಆರ್. ಕೆ. ಬನ್ಸಲ್ ಅವರ ಅಧ್ಯಯನವು, ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ತಿಳಿಯದಿರಲು ಪದದೊಳಗಿನ ಒತ್ತು (ಪದದ ಒಂದು ಭಾಗವನ್ನು ಉಳಿದ ಭಾಗಗಳಿಗಿಂತ ಗಟ್ಟಿಯಾಗಿ ಹೇಳುವುದು) ತಪ್ಪು ಸ್ಥಾನದಲ್ಲಿ ಬೀಳುವುದನ್ನು ಮುಖ್ಯ ಕಾರಣಗಳಲ್ಲಿ ಒಂದಾಗಿ ಗುರುತಿಸಿತು. ನನ್ನ ತೀರ್ಮಾನವೂ ಅದೇ. ಒತ್ತಿಗೆ ಅರ್ಧದಷ್ಟು ಸಮಯವನ್ನು ಕೊಟ್ಟು, ಉಳಿದ ಅರ್ಧವನ್ನು ಪದಗಳ ಆದಿ ಮತ್ತು ಅಂತ್ಯಗಳಿಗೆ ಹಾಗೂ ಕನ್ನಡದಲ್ಲಿ ಇಲ್ಲದ ನಾಲ್ಕೈದು ಧ್ವನಿಗಳಿಗೆ ಹಂಚಿದರೆ ಸಾಕು. ಆದರೆ ಒತ್ತಿನಿಂದಲೇ ಆರಂಭಿಸುವುದು ಬೇಡ. ಒಂದೊಂದು ಧ್ವನಿಯನ್ನು ಗಮನವಿಟ್ಟು ಕೇಳುವ ಅಭ್ಯಾಸವಾದ ಕಿವಿಗೆ ಒತ್ತು ಬೇಗ ಹಿಡಿಯುತ್ತದೆ.

ಕಿವಿಯಿಂದ ಆರಂಭ

ಬರೆಯುವ 'ಪೆನ್', ಅಡುಗೆಮನೆಯ 'ಪ್ಯಾನ್' ಎಂಬ ಜೋಡಿಯನ್ನು ತೆಗೆದುಕೊಳ್ಳೋಣ. ಹಲಗೆಯ ಎಡಭಾಗದಲ್ಲಿ ಒಂದು ಎಂದು ಬರೆದು ಅದರ ಕೆಳಗೆ ಪೆನ್, ಬೆಡ್, ಮೆನ್, ಸೆಟ್ ಪದಗಳನ್ನೂ, ಬಲಭಾಗದಲ್ಲಿ ಎರಡು ಎಂದು ಬರೆದು ಅದರ ಕೆಳಗೆ ಪ್ಯಾನ್, ಬ್ಯಾಡ್, ಮ್ಯಾನ್, ಸ್ಯಾಟ್ ಪದಗಳನ್ನೂ ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕು. ಮಕ್ಕಳೆಲ್ಲ ಕಣ್ಣು ಮುಚ್ಚಿಕೊಂಡ ಮೇಲೆ ಶಿಕ್ಷಕರು ಒಂದೊಂದೇ ಪದವನ್ನು ಹೇಳುತ್ತಾರೆ. ಅದು ಎಡಗಡೆಯದಾದರೆ ಒಂದು ಬೆರಳನ್ನೂ ಬಲಗಡೆಯದಾದರೆ ಎರಡು ಬೆರಳುಗಳನ್ನೂ ಮಕ್ಕಳು ಎತ್ತುತ್ತಾರೆ. ಕಣ್ಣು ಮುಚ್ಚಿಸುವುದಕ್ಕೆ ಎರಡು ಕಾರಣಗಳಿವೆ: ಪಕ್ಕದವರ ಬೆರಳು ನೋಡಿ ಎತ್ತುವುದು ತಪ್ಪುತ್ತದೆ, ಶಿಕ್ಷಕರ ಬಾಯಿಯ ಆಕಾರ ನೋಡಿ ಊಹಿಸುವುದೂ ತಪ್ಪುತ್ತದೆ. ನಲವತ್ತು ಮಕ್ಕಳ ಪೈಕಿ ಯಾರಿಗೆ ಕೇಳಿಸುತ್ತಿದೆ, ಯಾರಿಗೆ ಇಲ್ಲ ಎಂಬುದು ಒಂದೇ ನೋಟಕ್ಕೆ ತಿಳಿದುಬಿಡುತ್ತದೆ. ಹತ್ತರಲ್ಲಿ ಎಂಟೊಂಬತ್ತು ಸಲ ಬಹುತೇಕ ಮಕ್ಕಳ ಬೆರಳು ಸರಿಯಾಗುವವರೆಗೆ ಯಾರ ಬಾಯಿಂದಲೂ ಆ ಪದಗಳನ್ನು ಹೇಳಿಸಬಾರದು. ಈ ತಾಳ್ಮೆ ಇಲ್ಲದೆ ಮೊದಲ ದಿನವೇ 'ಎಲ್ಲರೂ ಹೇಳಿ' ಎಂದು ಸಾಮೂಹಿಕವಾಗಿ ಕೂಗಿಸಿದರೆ ಗದ್ದಲದಲ್ಲಿ ತಪ್ಪೆಲ್ಲ ಮುಚ್ಚಿಹೋಗುತ್ತದೆ.

ಹೇಳಿಸುವ ಹಂತಕ್ಕೆ ಬಂದಾಗ ಕನ್ನಡವೇ ನೆರವಿಗೆ ಬರುತ್ತದೆ. ಈ ಸ್ವರಕ್ಕೆ ನಮ್ಮ ವರ್ಣಮಾಲೆಯಲ್ಲಿ ಸ್ವತಂತ್ರ ಅಕ್ಷರವಿಲ್ಲದಿದ್ದರೂ ಹಳೆ ಮೈಸೂರಿನ ಹಳ್ಳಿಗಳಲ್ಲಿಯೂ ಧಾರವಾಡದ ಕಡೆಯೂ 'ಬೇಡ' ಎಂಬುದನ್ನು 'ಬ್ಯಾಡ' ಎಂದೂ 'ಮೇಲೆ' ಎಂಬುದನ್ನು 'ಮ್ಯಾಲೆ', 'ಮ್ಯಾಲ' ಎಂದೂ ಆಡುತ್ತಾರೆ. ಆ 'ಬ್ಯಾಡ'ದ ಕೊನೆಯ ಅಕಾರವನ್ನು ಬಿಡಿಸಿ ಸ್ವರವನ್ನು ತುಸು ಮೊಟಕುಗೊಳಿಸಿದರೆ ಇಂಗ್ಲಿಷಿನ 'ಬ್ಯಾಡ್' ಬಹಳ ಹತ್ತಿರ ಬಂದಿರುತ್ತದೆ. ಗ್ರಂಥಸ್ಥ ಕನ್ನಡದ ಪಾಠದಲ್ಲಿ ತಪ್ಪೆಂದು ತಿದ್ದಿಸಿಕೊಂಡ ಮನೆಮಾತಿನ ಧ್ವನಿಯೊಂದು ಇಂಗ್ಲಿಷ್ ಪಾಠದಲ್ಲಿ ಬಂಡವಾಳವಾಗುವುದನ್ನು ಕಂಡು ಮಕ್ಕಳಿಗೆ ಖುಷಿಯೂ ಆಗುತ್ತದೆ. ಕರಾವಳಿಯಲ್ಲಿ 'ಬೇಡ' ಎಂದೇ ಆಡುವುದರಿಂದ ಅಲ್ಲಿ ಈ ದಾರಿ ಅಷ್ಟು ಸಲೀಸಲ್ಲ. ಆದರೆ ಕೊಂಕಣಿ ಮನೆಮಾತಿನ ಮಕ್ಕಳಿಗೆ ಎಕಾರ, ಒಕಾರಗಳಲ್ಲಿ ಬಾಯಿ ಹೆಚ್ಚು ತೆರೆದು ಆಡುವ ರೂಪ ಮತ್ತು ಕಡಿಮೆ ತೆರೆದು ಆಡುವ ರೂಪಗಳೆರಡೂ ಗೊತ್ತಿರುವುದರಿಂದ 'ಕೋಟ್' ಎಂಬ ಅಂಗಿಗೂ ಹಿಡಿದದ್ದು ಎಂಬ ಅರ್ಥದ 'ಕಾಟ್' ಪದಕ್ಕೂ ಇರುವ ವ್ಯತ್ಯಾಸವನ್ನು ತರಗತಿಗೆ ತೋರಿಸಿಕೊಡಲು ಅವರನ್ನೇ ಮುಂದೆ ಕರೆಯಬಹುದು.

ಇದರ ಮುಂದಿನ ಹೆಜ್ಜೆಯಾಗಿ ಮಕ್ಕಳನ್ನು ಇಬ್ಬಿಬ್ಬರಂತೆ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಬೇಕು. ಒಬ್ಬರು ಪಟ್ಟಿಯಿಂದ ಯಾವುದಾದರೂ ಆರು ಪದಗಳನ್ನು ತಮಗೆ ಬೇಕಾದ ಕ್ರಮದಲ್ಲಿ ಹೇಳಿದರೆ, ಇನ್ನೊಬ್ಬರು ಕೇಳಿದಂತೆ ಒಂದು ಅಥವಾ ಎರಡು ಎಂದು ಬರೆದುಕೊಳ್ಳುತ್ತಾರೆ. ಕೊನೆಯಲ್ಲಿ ಎರಡೂ ಪಟ್ಟಿಗಳನ್ನು ಹೋಲಿಸಿದಾಗ ವ್ಯತ್ಯಾಸ ಕಂಡರೆ ತಪ್ಪು ಕೇಳಿದವರದ್ದೋ ಹೇಳಿದವರದ್ದೋ ಎಂಬ ಜಗಳ ಶುರುವಾಗುತ್ತದೆ. ಆ ಜಗಳವನ್ನು ತಡೆಯಬಾರದು. ಮತ್ತೆ ಮತ್ತೆ ಹೇಳಿಸಿ ಕೇಳುವ ಆ ಹಟದಲ್ಲಿ ನಡೆಯುವ ಅಭ್ಯಾಸ ಶಿಕ್ಷಕರು ಮಾಡಿಸುವುದಕ್ಕಿಂತ ಗಟ್ಟಿಯಾದದ್ದು.

ತುಟಿ, ಹಲ್ಲು, ಗಂಟಲು

ಹಳ್ಳಿಗಳಲ್ಲಿ 'ಕಾಪಿ' ಕುಡಿಯುತ್ತೇವೆ, ಶಾಲೆಯಲ್ಲಿ 'ಕಾಪಿ' ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಇವು ಎರಡು ಪದಗಳು. ಕನ್ನಡದಲ್ಲಿ ಫಕಾರದ ಕೆಳಗೆ ಎರಡು ಚುಕ್ಕೆ ಇಟ್ಟು ಬರೆಯುವ ಫ಼ ಧ್ವನಿಗೆ ಮೇಲಿನ ಹಲ್ಲುಗಳು ಕೆಳತುಟಿಯ ಒಳ ಅಂಚನ್ನು ಮೆಲ್ಲಗೆ ಮುಟ್ಟಬೇಕು, ಗಾಳಿ ಆ ಸಂದಿನಿಂದ ತಡೆಯಿಲ್ಲದೆ ಹೊರಡುತ್ತಿರಬೇಕು. ಸರಿಯಾಗಿದೆಯೇ ಎಂದು ತಿಳಿಯಲು ಸುಲಭವಾದ ಪರೀಕ್ಷೆಯೆಂದರೆ ಐದರವರೆಗೆ ಎಣಿಸುವಷ್ಟು ಕಾಲ ಅದನ್ನು ಎಳೆಯುವುದು. ಫ಼ ಧ್ವನಿಯನ್ನು ಎಳೆಯಲು ಬರುತ್ತದೆ; ತುಟಿಗಳೆರಡೂ ಮುಚ್ಚಿಕೊಂಡು ಪಕಾರವಾದರೆ ಎಳೆಯಲು ಬರುವುದಿಲ್ಲ. ಎಳೆದ ಧ್ವನಿಗೆ ಸ್ವರವನ್ನು ಅಂಟಿಸಿ 'ಫ಼ುಲ್–ಪುಲ್', 'ಫ಼ಿಲ್–ಪಿಲ್', 'ಕಾಫ಼ಿ–ಕಾಪಿ' ಜೋಡಿಗಳನ್ನು ಬೆರಳಿನ ಆಟದಿಂದಲೇ ಆರಂಭಿಸಿ ಮಾಡಿಸಬೇಕು. ಕನ್ನಡಿ ಇಲ್ಲದಿದ್ದರೆ ಎದುರು ಕುಳಿತ ಗೆಳೆಯನೇ ತುಟಿಯನ್ನು ನೋಡಿ ಹೇಳಲಿ. ಹೊಸ ಧ್ವನಿ ಬಾಯಿಗೆ ಬಂದ ಉತ್ಸಾಹದಲ್ಲಿ ಕೆಲವು ಮಕ್ಕಳು ಕನ್ನಡದ 'ಫಲ'ವನ್ನೂ 'ಫ಼ಲ' ಮಾಡುತ್ತಾರೆ, ಇಂಗ್ಲಿಷಿನ 'ಕಾಲೇಜ್' ಪದವನ್ನು 'ಕಾಲೇಜ಼್' ಮಾಡುತ್ತಾರೆ. ಅದನ್ನು ಆಗಲೇ ಗಮನಕ್ಕೆ ತರುವುದು ಒಳ್ಳೆಯದು.

ಜ಼ ಧ್ವನಿಗೆ ಗಂಟಲಿನ ಮೇಲೆ ಬೆರಳು ಇರಿಸಿ ಸಕಾರವನ್ನು ಎಳೆಯಲು ಹೇಳಬೇಕು. ಎಳೆಯುತ್ತಿರುವಂತೆಯೇ, ನಾಲಿಗೆಯನ್ನು ಕದಲಿಸದೆ, ದನಿ ಸೇರಿಸಿದರೆ ಬೆರಳಿಗೆ ಕಂಪನ ತಿಳಿಯುತ್ತದೆ ಮತ್ತು ಧ್ವನಿ ತಾನಾಗಿ ಜ಼ ಆಗಿರುತ್ತದೆ. ಇಲ್ಲಿ ಅಕ್ಕಿಯ 'ರೈಸ್' ಮತ್ತು ಏಳುವ 'ರೈಜ಼್', ಬೆಲೆಯ 'ಪ್ರೈಸ್' ಮತ್ತು ಬಹುಮಾನದ 'ಪ್ರೈಜ಼್' ಜೋಡಿಗಳು ಉಪಯುಕ್ತ. ಉರ್ದು ಮನೆಮಾತಿನ ಮಕ್ಕಳಿಗೆ ಫ಼, ಜ಼ ಎರಡೂ ಚೆನ್ನಾಗಿ ಬರುವುದರಿಂದ ಈ ವಾರದ ಮಟ್ಟಿಗೆ ಅವರೇ ಗುಂಪಿನ ನಾಯಕರಾಗಲಿ.

ನಮ್ಮ ವಕಾರ ಇಂಗ್ಲಿಷಿನ ಎರಡು ಧ್ವನಿಗಳ ನಡುವೆ ನಿಲ್ಲುತ್ತದೆ. 'ವೆಸ್ಟ್' ಎಂದರೆ ಒಳಅಂಗಿಯೂ ಹೌದು, ಪಶ್ಚಿಮವೂ ಹೌದು ಎಂಬ ಸ್ಥಿತಿ ನಮ್ಮದು. ಒಳಅಂಗಿಗೆ ಫ಼ಕಾರದ್ದೇ ಹಲ್ಲು-ತುಟಿಯ ಸ್ಥಾನ, ಜೊತೆಗೆ ಗಂಟಲಿನ ದನಿ. ಪಶ್ಚಿಮಕ್ಕೆ ಹಲ್ಲು ತಾಗಲೇಬಾರದು; ತುಟಿಗಳನ್ನು ಉಕಾರಕ್ಕೆಂದು ಮುಂದೆ ಚಾಚಿ, 'ಉ–ಎಸ್ಟ್' ಎಂದು ಬಿಡಿಸಿ ಹೇಳಿ, ಅದನ್ನು ವೇಗವಾಗಿ ಕೂಡಿಸಿದರೆ ಧ್ವನಿ ಸಿಗುತ್ತದೆ. ಪದಾದಿಯ ಪ, ಟ, ಕಗಳಿಗೆ ಇಂಗ್ಲಿಷಿನಲ್ಲಿ ಹೊರಡುವ ಉಸಿರಿನ ಬಗ್ಗೆ ಪ್ರೌಢಶಾಲೆಯಲ್ಲಿ ಒಮ್ಮೆ ತೋರಿಸಿದರೆ ಸಾಕು: ತುಟಿಯ ಮುಂದೆ ತೆಳು ಕಾಗದದ ಪಟ್ಟಿ ಹಿಡಿದು 'ಪಿನ್' ಎಂದಾಗ ಕಾಗದ ಅಲುಗಬೇಕು. ಅಲುಗದಿದ್ದರೆ ಇಂಗ್ಲಿಷ್ ಮನೆಮಾತಿನವರಿಗೆ ಅದು 'ಬಿನ್' ಎಂದು ಕೇಳಿಸುವ ಸಾಧ್ಯತೆ ಇದೆ.

ಪದದ ಎರಡು ತುದಿಗಳು

ಕನ್ನಡದಲ್ಲಿ 'ಎಲ್ಲಿ' ಎಂದು ಬರೆದರೂ ಆಡುವುದು 'ಯೆಲ್ಲಿ', 'ಒಂದು' ಎಂದು ಬರೆದರೂ ಆಡುವುದು 'ವೊಂದು'. ಕನ್ನಡಕ್ಕೆ ಇದು ಸಹಜವೇ. ಇದೇ ರೂಢಿ ಇಂಗ್ಲಿಷಿಗೆ ಬಂದಾಗ ಎಗ್ 'ಯೆಗ್' ಆಗುತ್ತದೆ, ಎಕ್ಸಾಮ್ 'ಯೆಕ್ಸಾಮ್' ಆಗುತ್ತದೆ, ಓಲ್ಡ್ 'ವೋಲ್ಡ್' ಆಗುತ್ತದೆ, ಓನ್ಲಿ 'ವೋನ್ಲಿ' ಆಗುತ್ತದೆ. ಯಕಾರ ಹಾಕಬೇಡ ಎಂದು ಎಷ್ಟು ಸಲ ಹೇಳಿದರೂ ಪ್ರಯೋಜನವಿಲ್ಲ, ಏಕೆಂದರೆ ಮಗುವಿಗೆ ತಾನು ಅದನ್ನು ಹಾಕುತ್ತಿರುವುದೇ ತಿಳಿಯದು. ಅದರ ಬದಲು ಯಕಾರಕ್ಕೆ ಜಾಗವೇ ಇಲ್ಲದಂತೆ ಮಾಡಬೇಕು. ಇಂಗ್ಲಿಷಿನಲ್ಲಿ ಸ್ವರದಿಂದ ಆರಂಭವಾಗುವ ನಾಮಪದಕ್ಕೆ 'ಅನ್' ಸೇರುತ್ತದಲ್ಲವೇ? 'ಅನ್ ಎಗ್' ಎಂಬುದನ್ನು ಲೋಪ-ಆಗಮಗಳಿಲ್ಲದ ಕನ್ನಡದ ಸಂಧಿಯಂತೆ ಕೂಡಿಸಿ 'ಅನೆಗ್' ಎಂದು ಹೇಳಿಸಬೇಕು. ನಕಾರ ಎಕಾರಕ್ಕೆ ನೇರವಾಗಿ ಅಂಟಿಕೊಂಡಾಗ ನಡುವೆ ಯಕಾರ ನುಸುಳುವುದಿಲ್ಲ. 'ಅನೋಲ್ಡ್ ಮ್ಯಾನ್', 'ಅನೋಪನ್ ಡೋರ್', 'ಅನೆಂಪ್ಟಿ ಬಾಕ್ಸ್' ಎಂದು ಮುಂದುವರಿಸಿ, ನಾಲಿಗೆ ಪಳಗಿದ ಮೇಲೆ ಆ 'ಅನ್' ಭಾಗವನ್ನು ಮನಸ್ಸಿನಲ್ಲಿಯೇ ಹೇಳಿಕೊಂಡು ಉಳಿದದ್ದನ್ನು ಮಾತ್ರ ಬಾಯಿಬಿಟ್ಟು ಹೇಳಬೇಕು.

ಇದನ್ನು ಸಂತೆಯ ಆಟವಾಗಿ ಆಡಿಸಬಹುದು. ಮೊದಲ ಮಗು 'ನಾನು ಸಂತೆಯಲ್ಲಿ ಒಂದು ಮೊಟ್ಟೆ ಕೊಂಡೆ' ಎಂದು ಇಂಗ್ಲಿಷಿನಲ್ಲಿ ಹೇಳುತ್ತದೆ. ಎರಡನೆಯದು ಮೊಟ್ಟೆಯ ಜೊತೆಗೆ ಕಿತ್ತಳೆಯನ್ನೂ, ಮೂರನೆಯದು ಈರುಳ್ಳಿಯನ್ನೂ, ನಾಲ್ಕನೆಯದು ಲಕೋಟೆಯನ್ನೂ ಸೇರಿಸುತ್ತದೆ. ಎಗ್, ಆರೆಂಜ್, ಆನಿಯನ್, ಎನ್‌ವಲಪ್, ಎಲಿಫೆಂಟ್ ಹೀಗೆ ಸ್ವರದಿಂದ ಆರಂಭವಾಗುವ ವಸ್ತುಗಳಿಗೆ ಮಾತ್ರ ಅವಕಾಶ. ಸಂತೆಯಲ್ಲಿ ಆನೆ ಸಿಗುತ್ತದೆಯೇ ಎಂಬ ಪ್ರಶ್ನೆ ಬಂದೇ ಬರುತ್ತದೆ, ಬರಲಿ.

ಪದದ ಕೊನೆಯಲ್ಲಿ ತೊಂದರೆ ಬೇರೆ ರೀತಿಯದು. ಕನ್ನಡದ ಪದಗಳು ಬಹುಪಾಲು ಸ್ವರದಲ್ಲಿಯೇ ಮುಗಿಯುವುದರಿಂದ ನಾವು ಬಸ್ಸು, ಬೆಂಚು, ರೋಡು, ಬುಕ್ಕು ಎಂದು ಉಕಾರ ಸೇರಿಸಿಕೊಂಡಿದ್ದೇವೆ. ಕನ್ನಡ ವಾಕ್ಯದಲ್ಲಿ ಅವೇ ಸರಿ, ಅವನ್ನು ಅಲ್ಲಿ ತಿದ್ದಬಾರದು. ಇಂಗ್ಲಿಷ್ ವಾಕ್ಯದಲ್ಲಿ ಆ ಉಕಾರವನ್ನು ಬಿಡಿಸಲು ಚಪ್ಪಾಳೆಯ ಲೆಕ್ಕ ನೆರವಾಗುತ್ತದೆ: ಉಚ್ಚಾರಾಂಶಕ್ಕೊಂದರಂತೆ, ಅಂದರೆ ಒಂದು ಸ್ವರದ ಸುತ್ತ ಒಟ್ಟಿಗೆ ಹೇಳುವ ಪದದ ತುಂಡಿಗೊಂದರಂತೆ, ಚಪ್ಪಾಳೆ ತಟ್ಟಿದಾಗ 'ಬುಕ್ಕು' ಎರಡು ಚಪ್ಪಾಳೆ ಕೇಳುತ್ತದೆ, 'ಬುಕ್' ಒಂದೇ ಕೇಳುತ್ತದೆ. ಒಂದೇ ಚಪ್ಪಾಳೆಯಲ್ಲಿ ಮುಗಿಸಲು ಹೇಳಿದರೆ ಮಗು ತಾನೇ ತಿದ್ದಿಕೊಳ್ಳುತ್ತದೆ.

ಭೂತಕಾಲದ ಪ್ರತ್ಯಯಕ್ಕೂ ಇದೇ ಚಪ್ಪಾಳೆ ಸಾಕು. ಕ್ರಿಯಾಪದದ ಕೊನೆಗೆ ಸೇರುವ ಇ, ಡಿ ಎಂಬ ಎರಡು ಅಕ್ಷರಗಳನ್ನು ಕಂಡ ಕೂಡಲೆ ಮಕ್ಕಳು 'ವಾಕೆಡ್', 'ವಾಶೆಡ್', 'ಪ್ಲೇಯೆಡ್' ಎಂದು ಓದುತ್ತಾರೆ. ವ್ಯಾಕರಣದ ಪುಸ್ತಕಗಳು ಇಲ್ಲಿ ಮೂರು ಉಚ್ಚಾರಣೆಗಳನ್ನು ಹೇಳುತ್ತವೆ: ಕೆಲವೆಡೆ ಟ್, ಕೆಲವೆಡೆ ಡ್, ಕೆಲವೆಡೆ ಇಡ್. ತರಗತಿಗೆ ಎರಡೇ ಗುಂಪುಗಳು ಸಾಕೆಂದು ನನಗನ್ನಿಸುತ್ತದೆ. ಮೂಲ ಕ್ರಿಯಾಪದ ಟ್ ಅಥವಾ ಡ್ ಧ್ವನಿಯಲ್ಲಿ ಮುಗಿದಿದ್ದರೆ ಒಂದು ಚಪ್ಪಾಳೆ ಹೆಚ್ಚುತ್ತದೆ: ವಾಂಟ್–ವಾಂಟಿಡ್, ನೀಡ್–ನೀಡಿಡ್. ಉಳಿದೆಲ್ಲ ಕಡೆ ಚಪ್ಪಾಳೆ ಹೆಚ್ಚುವುದೇ ಇಲ್ಲ: ವಾಕ್–ವಾಕ್ಟ್, ವಾಶ್–ವಾಶ್ಟ್, ಪ್ಲೇ–ಪ್ಲೇಡ್. ಟ್ ಬರಬೇಕೋ ಡ್ ಬರಬೇಕೋ ಎಂಬುದನ್ನು ಹಿಂದಿನ ವ್ಯಂಜನವೇ ಬಹುಮಟ್ಟಿಗೆ ನಿರ್ಧರಿಸಿಬಿಡುತ್ತದೆ. ಕೊಠಡಿಯ ಒಂದು ಗೋಡೆಯನ್ನು 'ಹೆಚ್ಚುವ' ಗೋಡೆಯೆಂದೂ ಎದುರಿನದನ್ನು 'ಹೆಚ್ಚದ' ಗೋಡೆಯೆಂದೂ ಮಾಡಿ, ಓದುತ್ತಿರುವ ಪಾಠದಿಂದಲೇ ಆರಿಸಿದ ಕ್ರಿಯಾಪದಗಳನ್ನು ಹೇಳುತ್ತಾ ಹೋದರೆ ಮಕ್ಕಳು ಸರಿಯಾದ ಗೋಡೆಗೆ ಕೈ ತೋರಿಸುತ್ತಾರೆ, ಜಾಗವಿದ್ದರೆ ಓಡಲೂಬಹುದು.

ಒತ್ತು: ಪ್ರಸ್ತಾರದ ನೆನಪಿನೊಂದಿಗೆ

ಕನ್ನಡದಲ್ಲಿ ಒತ್ತು ಪದದ ಅರ್ಥವನ್ನು ಬದಲಾಯಿಸುವುದಿಲ್ಲ, ಆದ್ದರಿಂದ ಅದನ್ನು ಗಮನಿಸುವ ಅಗತ್ಯ ನಮ್ಮ ಕಿವಿಗೆ ಎಂದೂ ಬಿದ್ದಿಲ್ಲ. ಆದರೆ ಪ್ರೌಢಶಾಲೆಯ ಮಕ್ಕಳಿಗೆ ಕನ್ನಡದ ಅವಧಿಯಲ್ಲಿ ಷಟ್ಪದಿಯ ಸಾಲಿಗೆ ಪ್ರಸ್ತಾರ ಹಾಕಿ ಗುರು-ಲಘು ಗುರುತಿಸುವುದು ಗೊತ್ತಿರುತ್ತದೆ. ಪದವನ್ನು ಉಚ್ಚಾರಾಂಶಗಳಾಗಿ ಒಡೆದು ಒಂದೊಂದರ ಮೇಲೂ ಚಿಹ್ನೆ ಇಡುವ ಆ ಅಭ್ಯಾಸವನ್ನು ಇಂಗ್ಲಿಷಿಗೆ ಎರವಲು ತರಬಹುದು. ಗುರು-ಲಘುಗಳ ಗೆರೆಗಳನ್ನೇ ಬಳಸಿದರೆ ಎರಡು ವಿಷಯಗಳು ಕಲಸಿಹೋಗುವುದರಿಂದ, ಒತ್ತು ಬೀಳುವ ಉಚ್ಚಾರಾಂಶದ ಮೇಲೆ ದೊಡ್ಡ ಚುಕ್ಕೆ, ಉಳಿದವುಗಳ ಮೇಲೆ ಸಣ್ಣ ಚುಕ್ಕೆ ಇಡಿಸುವುದು ಒಳಿತು. ವ್ಯತ್ಯಾಸವನ್ನು ಮೊದಲ ದಿನವೇ ಸ್ಪಷ್ಟಪಡಿಸಬೇಕು: ಗುರುವನ್ನು ಅಕ್ಷರ ನೋಡಿ ಲೆಕ್ಕ ಹಾಕಬಹುದು, ಒತ್ತನ್ನು ಹಾಗೆ ಲೆಕ್ಕ ಹಾಕಲು ಬರುವುದಿಲ್ಲ, ಕೇಳಿಯೇ ಗುರುತಿಸಬೇಕು. 'ಹೋಟೆಲ್' ಪದಕ್ಕೆ ನಮ್ಮ ಛಂದಸ್ಸಿನಲ್ಲಿ ಎರಡೂ ಗುರು. ಇಂಗ್ಲಿಷಿನಲ್ಲಿ ಒತ್ತು ಎರಡನೆಯದರ ಮೇಲೆ ಮಾತ್ರ.

ಒತ್ತು ಬಿದ್ದ ಉಚ್ಚಾರಾಂಶ ತುಸು ಉದ್ದವಾಗುತ್ತದೆ, ಗಟ್ಟಿಯಾಗುತ್ತದೆ, ಅಲ್ಲಿ ದನಿಯ ಏರಿಳಿತ ಬದಲಾಗುತ್ತದೆ. ಇದನ್ನು ಕಣ್ಣಿಗೆ ಕಾಣಿಸಲು ಅಗಲವಾದ ರಬ್ಬರ್ ಬ್ಯಾಂಡನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಒತ್ತಿನ ಜಾಗದಲ್ಲಿ ಮಾತ್ರ ಎಳೆಯಬಹುದು. ರಬ್ಬರ್ ಬ್ಯಾಂಡ್ ಇಲ್ಲದ ತರಗತಿಯಲ್ಲಿ ಒತ್ತಿಗೆ ಅಂಗೈ ಬಿಚ್ಚಿ, ಉಳಿದುದಕ್ಕೆ ಮುಷ್ಟಿ ಹಿಡಿದರೂ ನಡೆಯುತ್ತದೆ. ಆರಂಭಕ್ಕೆ ಅತ್ಯುತ್ತಮ ಪದ ಮಕ್ಕಳು ದಿನವೂ ಹಾಜರಿ ಕೂಗುವಾಗ ಹೇಳುವ 'ಪ್ರೆಸೆಂಟ್'. ಹಾಜರಿದ್ದೇನೆ ಎಂಬ ಅರ್ಥದಲ್ಲಿ ಒತ್ತು ಮೊದಲ ಉಚ್ಚಾರಾಂಶದ ಮೇಲೆ. ಪ್ರಸ್ತುತಪಡಿಸು ಎಂಬ ಕ್ರಿಯಾಪದವಾದಾಗ ಎರಡನೆಯದರ ಮೇಲೆ. 'ರೆಕಾರ್ಡ್', 'ಆಬ್ಜೆಕ್ಟ್', 'ಪರ್ಮಿಟ್', 'ಇಂಪೋರ್ಟ್' ಪದಗಳಲ್ಲಿಯೂ ಸಾಮಾನ್ಯವಾಗಿ ನಾಮಪದಕ್ಕೆ ಮೊದಲನೆಯದು, ಕ್ರಿಯಾಪದಕ್ಕೆ ಎರಡನೆಯದು. ಶಿಕ್ಷಕರು ಪದವನ್ನು ಹೇಳಿದರೆ ಮಕ್ಕಳು ಅದು ನಾಮಪದವೋ ಕ್ರಿಯಾಪದವೋ ಎಂದು ಹೇಳಬೇಕು. ವ್ಯಾಕರಣದ ಅವಧಿಯೊಳಗೇ ಇದು ಮುಗಿದುಹೋಗುತ್ತದೆ.

ನಂತರದ ಅಭ್ಯಾಸಕ್ಕೆ ಸರಕು ಇಂಗ್ಲಿಷ್ ಪುಸ್ತಕದಲ್ಲಿ ಮಾತ್ರವಲ್ಲ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳಲ್ಲಿಯೂ ಇದೆ. ಮುಂದೆ ಪದವಿಪೂರ್ವ ತರಗತಿಗೆ ಹೋದಾಗ ಕನ್ನಡ ಮಾಧ್ಯಮದ ಮಕ್ಕಳು ತಡವರಿಸುವುದು ಈ ಪದಗಳಲ್ಲಿಯೇ. ಮೂರು ಉಚ್ಚಾರಾಂಶಗಳ ಪದಗಳನ್ನು ಚೀಟಿಗಳಲ್ಲಿ ಬರೆದು ಗುಂಪಿಗೊಂದು ಕಟ್ಟು ಕೊಡಬೇಕು. ಹಲಗೆಯ ಮೇಲೆ ಮೂರು ವಿನ್ಯಾಸಗಳಿರಬೇಕು. ದೊಡ್ಡದು–ಸಣ್ಣದು–ಸಣ್ಣದು ಎಂಬ ವಿನ್ಯಾಸಕ್ಕೆ ಟ್ರಯಾಂಗಲ್, ಪ್ಯಾರಲಲ್, ಪಾರ್ಲಿಮೆಂಟ್, ಗವರ್ನ್‌ಮೆಂಟ್ ಸೇರುತ್ತವೆ. ಸಣ್ಣದು–ದೊಡ್ಡದು–ಸಣ್ಣದು ಎಂಬುದಕ್ಕೆ ಈಕ್ವೇಶನ್, ರಿಪಬ್ಲಿಕ್, ಎಲೆಕ್ಟ್ರಿಕ್, ಕಂಪ್ಯೂಟರ್, ಡೆವಲಪ್ ಸೇರುತ್ತವೆ. ಕೊನೆಯದು ದೊಡ್ಡದಾಗುವ ವಿನ್ಯಾಸಕ್ಕೆ ಇಂಜಿನಿಯರ್, ವಾಲಂಟಿಯರ್, ಅಂಡರ್‌ಸ್ಟ್ಯಾಂಡ್. ಇಂಜಿನಿಯರ್, ಡೆವಲಪ್ ಎರಡನ್ನೂ ಮಕ್ಕಳು ಮೊದಲ ಗುಂಪಿನಲ್ಲಿ ಇಡುವುದು ಬಹುತೇಕ ಖಚಿತ. ಆಗ ಉತ್ತರವನ್ನು ಶಿಕ್ಷಕರು ಹೇಳಬಾರದು. ಫೋನಿನಲ್ಲಿ ಆನ್‌ಲೈನ್ ನಿಘಂಟನ್ನು ತೆರೆದು ಧ್ವನಿಯನ್ನು ಎರಡು ಸಲ ಕೇಳಿಸಿ, ಚೀಟಿಯನ್ನು ಅವರೇ ಸರಿಯಾದ ಜಾಗಕ್ಕೆ ಎತ್ತಿಡುವಂತೆ ಮಾಡಬೇಕು.

ನಿಯಮಗಳು ಹಲವಿದ್ದರೂ ಪ್ರೌಢಶಾಲೆಗೆ ಎರಡು ಸಾಕು. ಎಜುಕೇಶನ್, ಇನ್ಫರ್ಮೇಶನ್, ಎಕ್ಸಾಮಿನೇಶನ್, ಮಲ್ಟಿಪ್ಲಿಕೇಶನ್ ಹೀಗೆ 'ಶನ್' ಎಂದು ಮುಗಿಯುವ ಪದಗಳಲ್ಲಿ ಒತ್ತು ಅದರ ಹಿಂದಿನ ಉಚ್ಚಾರಾಂಶಕ್ಕೇ ಬೀಳುತ್ತದೆ. ಜಿಯಾಗ್ರಫಿ, ಬಯಾಲಜಿ, ಫೊಟಾಗ್ರಫಿ ಮುಂತಾದ ಪದಗಳಲ್ಲಿ ಕೊನೆಯಿಂದ ಮೂರನೆಯದಕ್ಕೆ ಬೀಳುತ್ತದೆ. 'ಫೋಟೋಗ್ರಾಫ್', 'ಫೊಟಾಗ್ರಫರ್', 'ಫೋಟೋಗ್ರಾಫಿಕ್' ಎಂಬ ಮೂರನ್ನು ಒಂದರ ಕೆಳಗೊಂದು ಬರೆದು ದೊಡ್ಡ ಚುಕ್ಕೆ ಮೊದಲನೆಯದರಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಸರಿಯುವುದನ್ನು ತೋರಿಸಿದರೆ, ಒತ್ತು ಬದಲಾದಂತೆ ಸ್ವರಗಳೂ ಬದಲಾಗುವುದನ್ನು ಮಕ್ಕಳು ಗಮನಿಸುತ್ತಾರೆ. ಒತ್ತಿಲ್ಲದ ಕಡೆ ಇಂಗ್ಲಿಷಿನ ಸ್ವರ ಮೊಟಕಾಗಿ ಅನೇಕ ವೇಳೆ ನಮ್ಮ ಹ್ರಸ್ವ ಅಕಾರದ ಹತ್ತಿರಕ್ಕೆ ಬರುತ್ತದೆ. ಕಾಗುಣಿತ ನೋಡಿ 'ವಿಲೇಜ್', 'ಪ್ಯಾಲೇಸ್', 'ಮೌಂಟೇನ್' ಎಂದು ದೀರ್ಘ ಎಳೆಯುವ ಮಗುವಿಗೆ 'ವಿಲಿಜ್', 'ಪ್ಯಾಲಸ್', 'ಮೌಂಟನ್' ಎಂಬ ರೂಪಗಳ ಕಾರಣ ಇಲ್ಲಿಯೇ ಸಿಗುತ್ತದೆ.

ವಾಕ್ಯಕ್ಕೆ ಬಂದಾಗ ಮೇಜಿನ ಮೇಲೆ ಮೂರು ಪೆಟ್ಟು ಸಮನಾಗಿ ತಟ್ಟುತ್ತಾ 'ಬರ್ಡ್ಸ್ ಈಟ್ ಸೀಡ್ಸ್' ಎಂದು ಹೇಳಿಸಿ, ಅದೇ ಮೂರು ಪೆಟ್ಟುಗಳೊಳಗೆ 'ದ ಬರ್ಡ್ಸ್ ಈಟ್ ದ ಸೀಡ್ಸ್', ಬಳಿಕ 'ದ ಬರ್ಡ್ಸ್ ವಿಲ್ ಈಟ್ ದ ಸೀಡ್ಸ್' ಎಂದು ಹಿಡಿಸಲು ಹೇಳಬೇಕು. ಸಣ್ಣ ಪದಗಳನ್ನು ನುಂಗದೆ ಪೆಟ್ಟು ತಪ್ಪದಂತೆ ಹೇಳಲು ಆಗುವುದಿಲ್ಲ. ಆ ನುಂಗುವಿಕೆಯೇ ಪಾಠ. ಇಂಗ್ಲಿಷಿನ ಮಾತು ಹೀಗೆ ಕರಾರುವಾಕ್ಕಾಗಿ ತಾಳಬದ್ಧವಾಗಿರುವುದಿಲ್ಲ, ಅಳೆದು ನೋಡಿದವರಿಗೆ ಅಂತಹ ಸಮಾನ ಅಂತರ ಕಂಡಿಲ್ಲ. ಆದರೂ ಅಭ್ಯಾಸವಾಗಿ ಇದು ಉಪಯುಕ್ತವೇ.

'ಏ' ಪ್ರತ್ಯಯದ ಕೆಲಸ ದನಿಯಲ್ಲಿ

ಕನ್ನಡ ವ್ಯಾಕರಣದಲ್ಲಿ ಅವಧಾರಣೆಯ 'ಏ'ಕಾರವನ್ನು ಮಕ್ಕಳು ಓದಿರುತ್ತಾರೆ. 'ರವಿ ಸೋಮವಾರ ಮೈಸೂರಿಗೆ ಹೋದ' ಎಂಬ ವಾಕ್ಯವನ್ನು 'ರವಿಯೇ ಸೋಮವಾರ ಮೈಸೂರಿಗೆ ಹೋದ', 'ರವಿ ಸೋಮವಾರವೇ ಮೈಸೂರಿಗೆ ಹೋದ', 'ರವಿ ಸೋಮವಾರ ಮೈಸೂರಿಗೇ ಹೋದ' ಎಂದು ಮೂರು ಬಗೆಯಲ್ಲಿ ಹೇಳಿದಾಗ ಒತ್ತುಕೊಟ್ಟ ವಿಷಯ ಯಾವುದೆಂದು ಯಾರೂ ಕೇಳಬೇಕಾಗಿಲ್ಲ. ಇಂಗ್ಲಿಷಿನಲ್ಲಿ 'ರವಿ ವೆಂಟ್ ಟು ಮೈಸೂರು ಆನ್ ಮಂಡೇ' ಎಂಬ ಒಂದೇ ವಾಕ್ಯ ಈ ಮೂರಕ್ಕೂ ಸಲ್ಲುತ್ತದೆ. ಬದಲಾಗುವುದು ದನಿ ಏರುವ ಜಾಗ ಮಾತ್ರ. ನಮ್ಮ ಮಕ್ಕಳು ಇಂಗ್ಲಿಷ್ ವಾಕ್ಯವನ್ನು ಎಲ್ಲ ಪದಗಳಿಗೂ ಸಮನಾದ ತೂಕ ಕೊಟ್ಟು ಹೇಳುವುದಕ್ಕೆ, ಕನ್ನಡದಲ್ಲಿ ಪ್ರತ್ಯಯ ಮತ್ತು ಪದಕ್ರಮಗಳು ಆ ಕೆಲಸವನ್ನು ಬಹುಮಟ್ಟಿಗೆ ವಹಿಸಿಕೊಂಡಿರುವುದೇ ಒಂದು ಕಾರಣವೆಂದು ತೋರುತ್ತದೆ.

ಅಭ್ಯಾಸ ಹೀಗೆ ನಡೆಯಲಿ. ಶಿಕ್ಷಕರು 'ಏ'ಕಾರವಿರುವ ಕನ್ನಡ ವಾಕ್ಯವನ್ನು ಹೇಳುತ್ತಾರೆ. ಮಗು ಹಲಗೆಯ ಮೇಲಿನ ಇಂಗ್ಲಿಷ್ ವಾಕ್ಯವನ್ನು ಅದೇ ಜಾಗದಲ್ಲಿ ದನಿ ಏರಿಸಿ ಹೇಳುತ್ತದೆ. ಎರಡನೆಯ ಸುತ್ತಿನಲ್ಲಿ ದಿಕ್ಕು ಬದಲಾಗುತ್ತದೆ: ಒಂದು ಮಗು ಇಂಗ್ಲಿಷಿನಲ್ಲಿ ತನಗೆ ಬೇಕಾದ ಕಡೆ ದನಿ ಏರಿಸಿ ಹೇಳಿದರೆ ಉಳಿದವರು 'ಏ' ಎಲ್ಲಿ ಬರಬೇಕೆಂದು ಕನ್ನಡದಲ್ಲಿ ಹೇಳುತ್ತಾರೆ. ಉತ್ತರಗಳು ಬೇರೆಬೇರೆಯಾಗಿ ಬಂದರೆ ಹೇಳಿದ ಮಗು ಸಾಕಷ್ಟು ದನಿ ಏರಿಸಿಲ್ಲವೆಂದು ಅರ್ಥ. ಮೂರನೆಯ ಸುತ್ತಿಗೆ ಕನ್ನಡವನ್ನು ಬಿಟ್ಟು ತಪ್ಪು ಪ್ರಶ್ನೆಗಳನ್ನು ಕೇಳಬೇಕು: ಸುಮಾ ಮೈಸೂರಿಗೆ ಹೋದಳೇ, ರವಿ ಹಾಸನಕ್ಕೆ ಹೋದನೇ, ಮಂಗಳವಾರ ಹೋದನೇ ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ಮಗು ಅದೇ ವಾಕ್ಯದಿಂದ ತಿದ್ದಿ ಉತ್ತರಿಸಬೇಕು. ಎರಡು ಭಾಷೆಗಳ ರೂಢಿ ಪೂರ್ತಿ ಒಂದೇ ಅಲ್ಲ, 'ಏ' ಬಾರದ ಕಡೆಯೂ ಇಂಗ್ಲಿಷಿನಲ್ಲಿ ಹೊಸ ಸಂಗತಿಯ ಮೇಲೆ ದನಿ ಏರುತ್ತದೆ. ಅದನ್ನು ಹತ್ತನೆಯ ತರಗತಿಯಲ್ಲಿ ಹೇಳಿದರೆ ಆಯಿತು.

ತಿದ್ದುವುದು ಮತ್ತು ಅಳೆಯುವುದು

ವಾರಕ್ಕೆ ಒಂದೇ ಅಂಶವನ್ನು ಹಿಡಿದು, ಆ ವಾರ ಅದನ್ನು ಮಾತ್ರ ತಿದ್ದಬೇಕು. 'ಎಗ್' ವಾರದಲ್ಲಿ ಮಗು ಫ಼ಕಾರವನ್ನು ತಪ್ಪಿದರೆ ಬಿಟ್ಟುಬಿಡಬೇಕು. ಮಗು ತನ್ನ ಅನುಭವವನ್ನೋ ಕತೆಯನ್ನೋ ಇಂಗ್ಲಿಷಿನಲ್ಲಿ ಹೇಳುತ್ತಿರುವಾಗ ನಡುವೆ ಬಾಯಿ ಹಾಕಬಾರದು. ತಪ್ಪನ್ನು ಬರೆದಿಟ್ಟುಕೊಂಡು ಕೊನೆಯಲ್ಲಿ, ಹೆಸರು ಹೇಳದೆ, ಎಲ್ಲರಿಂದಲೂ ಸರಿಯಾದ ರೂಪವನ್ನು ಹೇಳಿಸಬೇಕು. ಮಂಡ್ಯ, ಮೈಸೂರಿನ ಹಳ್ಳಿಗಳ ಕೆಲವು ಮಕ್ಕಳು ಹಕಾರವನ್ನು ಬಿಟ್ಟು 'ಹಾಲು' ಎಂಬುದನ್ನು 'ಆಲು' ಎನ್ನುತ್ತಾರೆ, ಆದ್ದರಿಂದ 'ಹೌಸ್' 'ಔಸ್' ಆಗುತ್ತದೆ. ಶಕಾರ-ಸಕಾರಗಳು ಒಂದಾಗಿರುವ ಮನೆಗಳಿಂದ ಬಂದವರಿಗೆ 'ಶಿ', 'ಸಿ' ಒಂದೇ. ಇವುಗಳಿಗೂ ಬೆರಳಿನ ಆಟವೇ ಮದ್ದು. ನಗುವವರಿಗೆ ಅವಕಾಶ ಕೊಟ್ಟರೆ ಆ ಮಕ್ಕಳು ಬಾಯಿ ಬಿಡುವುದನ್ನೇ ನಿಲ್ಲಿಸುತ್ತಾರೆ, ಆಮೇಲೆ ಯಾವ ಅಭ್ಯಾಸವೂ ನಡೆಯುವುದಿಲ್ಲ.

ತಮ್ಮ ಉಚ್ಚಾರಣೆಯೇ ಸರಿಯಿಲ್ಲವೆಂಬ ಹಿಂಜರಿಕೆ ಅನೇಕ ಶಿಕ್ಷಕರಿಗೂ ಇರುತ್ತದೆ. ಲಂಡನ್ನಿನವರಂತೆ ಮಾತನಾಡುವುದು ಗುರಿಯಲ್ಲದಿರುವಾಗ ಅದಕ್ಕೆ ಕಾರಣವಿಲ್ಲ. ಮರುದಿನದ ಪಾಠದಿಂದ ಅನುಮಾನ ಬರುವ ಐದು ಪದಗಳನ್ನು ಹಿಂದಿನ ಸಂಜೆ ನಿಘಂಟಿನಲ್ಲಿ ಕೇಳಿಕೊಂಡು, ಪಠ್ಯಪುಸ್ತಕದಲ್ಲಿಯೇ ದೊಡ್ಡ ಚುಕ್ಕೆ ಇಟ್ಟುಕೊಂಡರೆ ವರ್ಷಾಂತ್ಯಕ್ಕೆ ಅದೇ ಒಂದು ಸಿದ್ಧ ಕೈಪಿಡಿಯಾಗುತ್ತದೆ. ನಿಘಂಟುಗಳು ಬ್ರಿಟಿಷ್, ಅಮೆರಿಕನ್ ರೂಪಗಳೆರಡನ್ನೂ ಕೇಳಿಸುವುದರಿಂದ ವರ್ಷವಿಡೀ ಯಾವುದಾದರೂ ಒಂದಕ್ಕೇ ಅಂಟಿಕೊಳ್ಳುವುದು ಮಕ್ಕಳಿಗೆ ಅನುಕೂಲ.

ಪರೀಕ್ಷೆಗೆ ಮಗು ಓದಿದ್ದನ್ನು ಕೇಳಿ ಶಿಕ್ಷಕರು ಅಂಕ ಹಾಕುವುದಕ್ಕಿಂತ ಉತ್ತಮವಾದ ದಾರಿ ಮಕ್ಕಳ ನಡುವಿನ ಉಕ್ತಲೇಖನ. ಒಬ್ಬರು ತಮಗೆ ಮಾತ್ರ ಕೊಟ್ಟ ಐದು ಸಣ್ಣ ವಾಕ್ಯಗಳನ್ನು ಓದುತ್ತಾರೆ, ಬೇರೆ ಸಾಲಿನ ಮೂವರು ಕೇಳಿ ಬರೆಯುತ್ತಾರೆ. ವಾಕ್ಯಗಳಲ್ಲಿ ಆ ತಿಂಗಳು ಅಭ್ಯಾಸ ಮಾಡಿಸಿದ ಪದಗಳು ಹುದುಗಿರಬೇಕು. ಮೂವರೂ ಒಂದೇ ಪದವನ್ನು ತಪ್ಪಾಗಿ ಬರೆದಿದ್ದರೆ ತಪ್ಪು ಓದಿದವರದ್ದಾಗಿರುವ ಸಂಭವ ಹೆಚ್ಚು, ಒಬ್ಬರೇ ತಪ್ಪಾಗಿ ಬರೆದಿದ್ದರೆ ಅವರ ಕಾಗುಣಿತವನ್ನು ಬೇರೆಯಾಗಿ ನೋಡಬೇಕು. ಓದಿದ್ದನ್ನು ಫೋನಿನಲ್ಲಿ ಧ್ವನಿಮುದ್ರಿಸಿಟ್ಟುಕೊಂಡು ಮೂರು ತಿಂಗಳ ನಂತರ ಅವೇ ವಾಕ್ಯಗಳನ್ನು ಮತ್ತೆ ಓದಿಸಿ, ಎರಡನ್ನೂ ಒಟ್ಟಿಗೆ ಆ ಮಗುವಿಗೆ ಮಾತ್ರ ಕೇಳಿಸಬೇಕು.